ಪಾಳಿ ಕೋಲು

ಎತ್ತಿನ ಮುಂಗಾಲು ಎದ್ದಾಗ ಮನುಷ್ಯನ ಕಾಲೂ ಏಳಬೇಕು. ಎತ್ತು ನಿಂತರೆ ಮನುಷ್ಯನೂ ನಿಲ್ಲಬೇಕು. ಎತ್ತಿನ ಹೊಟ್ಟೆಯ ಕೆಳಗೆ ಕಾಣುವ ಕಾಲುಗಳ ಮೇಲೆ ಚಿಗರಿ ಯಾವಾಗಲೂ ಒಂದು ಕಣ್ಣು ಇಟ್ಟಿರುತ್ತದೆ. ಅದಕ್ಕೆ ಅನುಮಾನ ಬಂತೋ, ಮುಗಿಯಿತು, ಹಿಂಡಿಗೆ ಹಿಂಡೇ ಅಡ್ಡಾದಿಡ್ಡಿ ಹಾರಿ ಹೋಗುತ್ತದೆ. ಮಾನವ್ವ ಮದುವೆಯಾಗಿ ಬಂದ ವರ್ಷವೇ ಇದನ್ನು ಕಲಿತಿದ್ದಳು. ಜಾಲಿ ಮುಳ್ಳಿನ ಮಡ್ಡಿಯಲ್ಲಿ ಬರಿಗಾಲಲ್ಲಿ, ನಡು ಬಗ್ಗಿಸಿ, ಬೋಳ್ಯಾ ಎಂಬ ಎತ್ತಿನ ಮರೆಯಲ್ಲಿ ನಡೆದೂ ನಡೆದೂ ಅವಳ ಅಂಗಾಲು ಚಪ್ಪಲಿಯ ಅಟ್ಟೆಯಂತಾಗಿತ್ತು. ಬೋಳ್ಯಾನ ಹೆಗಲ ಮೇಲೆ ಕೈಯಿಟ್ಟುಕೊಂಡು ಮುಂದೆ ಅವಳ ಗಂಡ ಲಕ್ಷ್ಮಪ್ಪ, ಹಿಂದೆ ಅವಳು. ಹೊಟ್ಟೆಯಲ್ಲಿ ನಿನ್ನೆಯ ಅಂಬಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಅವರು ಹರಣಶಿಕಾರಿಗಳು. ಎತ್ತಿನ ಮರೆಯಲ್ಲಿ ನಡೆದು ಉರುಲು ಹಾಕಿ ಚಿಗರಿ ಹಿಡಿಯುವುದು ಮುತ್ತಜ್ಜರ ಕಾಲದ ಕಸುಬು. ಈಗ ಸಿಕ್ಕಿದ್ದ ಕೆಲಸ ಮಾತ್ರ ತಲೆಕೆಳಗು. ಹಿಡಿಯುವುದಲ್ಲ, ಓಡಿಸುವುದು.

ಗಜೇಂದ್ರಗಡದ ಗುಡ್ಡದ ಕೆಳಗೆ, ಮುಶಿಗೇರಿಯ ದಾರಿಗೆ ಹತ್ತಿಕೊಂಡು ಶಿವನಪ್ಪ ದೇಸಾಯರ ದೊಡ್ಡ ಮಡ್ಡಿ ಇತ್ತು. ನಮ್ಮ ಕಡೆಯ ಜಿಲ್ಲೆಗಳು ಮೈಸೂರು ರಾಜ್ಯ ಕೂಡಿದ ಮರುವರ್ಷ ಅಲ್ಲಿ ವಿಮಾನ ಇಳಿಯತೊಡಗಿತು. ಮುಂಬಯಿಯ ಒಂದು ಅರಳೆ ಕಂಪನಿಯ ಸಾಹೇಬನಿಗೆ ರೈಲಿನಲ್ಲಿ ಹೊಳೆಆಲೂರಿಗೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಸೊಂಟ ಮುರಿದುಕೊಳ್ಳುವುದು ಒಗ್ಗಲಿಲ್ಲ. ಸಣ್ಣ ವಿಮಾನ ತಂದ. ದೇಸಾಯರು ಮಡ್ಡಿಯನ್ನು ಬಾಡಿಗೆಗೆ ಕೊಟ್ಟರು, ಸಮತಟ್ಟು ಮಾಡಿಸಿದರು, "ಇಲ್ಲಿ ಒಂದು ಇಲಿಯೂ ಸುಳಿಯಂಗಿಲ್ಲ ಸಾಹೇಬರ" ಎಂದು ಮಾತೂ ಕೊಟ್ಟರು. ಮಡ್ಡಿಯ ತುಂಬ ಚಿಗರಿ ಇದ್ದದ್ದು ಅವರಿಗೆ ಗೊತ್ತಿರಲಿಲ್ಲವೇನು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಆಗ ಲಕ್ಷ್ಮಪ್ಪನನ್ನು ವಾಡೆಗೆ ಕರೆಸಿದರು. ದೇಸಾಯರು ಕಟ್ಟೆಯ ಮೇಲೆ ಲೋಡಿಗೆ ಒರಗಿದ್ದರು. ಲಕ್ಷ್ಮಪ್ಪ ಕೆಳಗೆ ಅಂಗಳದಲ್ಲಿ, ಮಾನವ್ವ ಅವನ ಹಿಂದೆ.

"ಲಕ್ಷ್ಮ್ಯಾ, ನಿಮ್ಮ ಮಂದಿಗೆ ಚಿಗರಿ ಗುಣಾ ಗೊತ್ತೈತಿ. ವಿಮಾನ ಬರೂ ದಿನಾ ಮುಂಜಾನೆದ್ದು ಮಡ್ಡಿ ಖಾಲಿ ಮಾಡಿ ಇಡ್ರಿ."

"ಆತ್ರಿ ಧಣ್ಯಾರ. ಉರುಲ ಹಾಕಿ ಎಲ್ಲಾ ಹಿಡದ ಒಯ್ತೀವ್ರಿ. ಅಮಾಸಿ ಅನ್ನೂದ್ರಾಗ ಒಂದೂ ಉಳಿಯಂಗಿಲ್ಲ್ರಿ."

ಒರಗಿದ್ದ ದೇಸಾಯರು ಎದ್ದು ಕುಳಿತರು. "ಉರುಲ ಗಿರುಲ ಹಾಕಬ್ಯಾಡ್ರಿ! ಬರೇ ಆ ಕಡಿ ಗುಡ್ಡಕ್ಕ ಓಡಸ್ರಿ. ಒಂದ ಚಿಗರಿ ಕಡಿಮಿ ಆದ್ರೂ ನೋಡ ಮತ್ತ."

ಬಳಿಕ ದನಿ ಮೆತ್ತಗಾಯಿತು. "ಚಲೋತ್ನಂಗ ಮಾಡ್ರಿ. ಗುಡ್ಡದ ಬುಡದಾಗ ನಂದೊಂದು ಪಡಾ ಬಿದ್ದ ಹೊಲ ಐತಲ್ಲ, ಅಲ್ಲೆ ನಿಮ್ಮ ಜೋಪಡಿ ಹಾಕ್ಕೊರಿ. ಕಾಯಂ. ಯಾರೂ ಎಬ್ಬಸಂಗಿಲ್ಲ."

ವಾಡೆಯಿಂದ ಹೊರಬಿದ್ದ ಲಕ್ಷ್ಮಪ್ಪನ ಕಾಲು ನೆಲದ ಮೇಲಿರಲಿಲ್ಲ. ಮಾನವ್ವನ ಕಾಲು ಮಾತ್ರ ನೆಲದ ಮೇಲೇ ಇತ್ತು.

"ಇಲಿ ಕಾಟ ಅಂತಾರ, ಬೆಕ್ಕಿನ ಬಾಯಿಗೆ ಕುಕ್ಕಿ ಕಟ್ಟತಾರ. ಇದರಾಗ ಏನೋ ಐತಿ ನೋಡು," ಎಂದಳು.

"ದೊಡ್ಡವರ ಮಾತಿನಾಗ ಹುಳಾ ಹುಡುಕಬ್ಯಾಡ. ನೆಲಿ ಸಿಗತೈತಿ. ನೆಲಿ!"

ನೆಲೆ ಎಂದರೆ ಏನೆಂದು ನೆಲೆ ಇದ್ದವರಿಗೆ ತಿಳಿಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಇವರನ್ನು ಹುಟ್ಟಾ ಕಳ್ಳರೆಂದು ತಂತಿ ಬೇಲಿಯ ಒಳಗೆ ಕೂಡಿಹಾಕಿ, ದಿನವೂ ಹಾಜರಿ ಹಾಕಿಸುತ್ತಿದ್ದರು. ಸ್ವರಾಜ್ಯ ಬಂದ ಮೇಲೆ ಆ ಕಾಯಿದೆ ತೆಗೆದರು. ಬೇಲಿ ಕಿತ್ತರು, ನಿಲ್ಲಲು ನೆಲ ಕೊಡಲಿಲ್ಲ. ಯಾವ ಊರ ಸೀಮೆಯಲ್ಲಿ ಜೋಪಡಿ ಹಾಕಿದರೂ ನಾಲ್ಕು ದಿನಕ್ಕೆ ಕಲ್ಲು ಬೀಳುತ್ತಿದ್ದವು. ಕಳ್ಳರು ಬಂದಾರು ಎಂದು ಊರವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವರಿಗೂ ಊರವರ ಮೇಲೆ ಅಷ್ಟೇ ಅನುಮಾನ. ಒಬ್ಬರು ಬಂದು ನೀರು ಕೊಟ್ಟರೂ, ಯಾಕೆ ಕೊಟ್ಟರು ಎಂದು ಯೋಚಿಸಿಯೇ ಕುಡಿಯಬೇಕು.

ಇನ್ನು ಆ ಕೋಲಿನ ಮಾತು. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ಬೇಲಿಯ ಕಾಲದಿಂದ ಈ ಹಟ್ಟಿಯಲ್ಲಿ ಒಂದು ಪದ್ಧತಿ. ಸುತ್ತ ಎಲ್ಲಿ ಕಳುವಾದರೂ ಫೌಜದಾರ ಹಟ್ಟಿಗೆ ಬಂದು "ಒಬ್ಬನ ಕೊಡ್ರಿ" ಎನ್ನುತ್ತಿದ್ದ. ಕದ್ದವನನ್ನು ಕೊಡಿ ಎಂದಲ್ಲ, ಒಬ್ಬನನ್ನು. ಕೊಡದಿದ್ದರೆ ಎಲ್ಲರ ಬೆನ್ನೂ ಸುಲಿಯುತ್ತಿತ್ತು. ಅದಕ್ಕೇ ಹಿರಿಯರು ಪಾಳಿ ಮಾಡಿದ್ದರು. ಬಂದರಿ ಗಿಡದ ಒಂದು ಕೋಲು, ಯಾರ ಜೋಪಡಿಯ ಬಾಗಿಲಿಗೆ ಆನಿಸಿರುತ್ತದೋ ಮುಂದಿನ ಕಳುವು ಆ ಮನೆಯವನದು. ಅವನು ಹೋಗಿ "ನಾನ ಮಾಡೇನ್ರಿ" ಎಂದು ಒಪ್ಪಿಕೊಂಡು ಜೈಲು ಸೇರಬೇಕು. ಅವನು ಹೊರಟ ಮೇಲೆ ಕೋಲು ಪಕ್ಕದ ಬಾಗಿಲಿಗೆ. ಕೋಲಿಗೆ ಒಂದು ಕಟ್ಟಳೆಯೂ ಇತ್ತು. ಅದು ಜಾರಿ ಬಿದ್ದರೆ ಯಾರು ಎತ್ತುತ್ತಾರೋ ಪಾಳಿ ಅವರದು. ಅಂಬೆಗಾಲಿಡುವ ಕೂಸು ಆ ಕಡೆ ಹೊರಳಿದರೂ ತಾಯಂದಿರು ಎದೆ ಒಡೆದುಕೊಂಡು ಓಡುತ್ತಿದ್ದರು. ಮುಟ್ಟಿದವರದೇ ಪಾಳಿ. ಹಟ್ಟಿಯ ಹಿರಿಯ ಅಜ್ಜಪ್ಪನ ಮಗ ದ್ಯಾಮಪ್ಪ ಹಾಗೆ ಪಾಳಿಯ ಮೇಲೆ ಹೋದವನು ಜೈಲಿನಿಂದ ತಿರುಗಿ ಬರಲಿಲ್ಲ.

ಕಾಯಿದೆ ಹೋದಾಗ ಕೋಲು ಲಕ್ಷ್ಮಪ್ಪನ ಬಾಗಿಲಲ್ಲಿತ್ತು. ಅಲ್ಲಿಗೇ ನಿಂತಿತು. ಅದನ್ನು ಸುಟ್ಟುಬಿಡಲು ಯಾರಿಗೂ ಧೈರ್ಯವಾಗಲಿಲ್ಲ. ಹಟ್ಟಿ ಎಲ್ಲಿ ಎದ್ದು ಎಲ್ಲಿ ಕೂತರೂ ಕೋಲು ಅವರ ಚಕ್ಕಡಿಯಲ್ಲೇ ಬಂತು. ಪಾಳಿಯ ಮನೆಯವರು ಮುಟ್ಟಿದರೆ ಅಡ್ಡಿಯಿಲ್ಲವಲ್ಲ, ಮಾನವ್ವ ಅದನ್ನು ಎರಡು ಕವಲಿನ ನಡುವೆ ಕಟ್ಟಿ ಅರಿವೆ ಒಣಹಾಕುತ್ತಿದ್ದಳು. ಅದರ ಮೇಲೆ ಗಂಡನ ಅಂಗಿ ಒಣಗುವುದನ್ನು ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಸಮಾಧಾನ. ಆ ಕಾಲ ಮುಗಿಯಿತು ಅಂದುಕೊಂಡಿದ್ದಳು.

ಚಿಗರಿ ಓಡಿಸುವ ಕೆಲಸ ಹಿಡಿದು ತಿಂಗಳು ಕಳೆಯಿತು. ಮುಂಜಾನೆ ಓಡಿಸಿದ ಹಿಂಡು ಸಂಜೆಗೆ ಮತ್ತೆ ಮಡ್ಡಿಯಲ್ಲಿ. ಗುಡ್ಡ ದಾಟಿಸಿ ಲಕ್ಕಲಕಟ್ಟಿ ಕಡೆಗೆ ಅಟ್ಟಿ ಬಂದರೂ ಎರಡು ದಿನಕ್ಕೆ ವಾಪಸು. ಮೊದಲಿಗಿಂತ ಹೆಚ್ಚೇ ಆಗಿದ್ದವು.

ವಾಡೆಯ ಕಾರಭಾರಿ ಕಳಕಪ್ಪ ಕೊಡೆ ಹಿಡಿದುಕೊಂಡು ಬಂದು ಮಡ್ಡಿಯ ದಂಡೆಯಲ್ಲಿ ನಿಲ್ಲುತ್ತಿದ್ದ. ಅವನ ಕಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದವು.

"ಏನಲೇ ಲಕ್ಷ್ಮ್ಯಾ, ನೀವ ಸಂಜಿಕ ಹೊಳ್ಳಿ ಅಟಗೊಂಡ ಬರ್ತೀರೇನು? ಕೆಲಸ ಮುಗದ್ರ ಕೂಲಿ ಜ್ವಾಳ ನಿಲ್ಲತಾವಂತ?"

"ಎಪ್ಪಾ, ಬೋಳ್ಯಾನ ಮ್ಯಾಲ ಆಣಿ ಮಾಡಿ ಹೇಳತೀನ್ರಿ, ಇಲ್ಲ."

"ಕಳ್ಳರ ಆಣಿ!" ಎಂದು ಕಳಕಪ್ಪ ಉಗುಳಿದ. "ಮತ್ತ ಕೇಳು. ರವಿವಾರ ಸಂಜಿಕ ನಿಮ್ಮವ್ರು ಯಾರೂ ಈ ಕಡಿ ಸುಳೀಬ್ಯಾಡ್ರಿ. ಧಣ್ಯಾರ ಅಪ್ಪಣಿ ಆಗೇತಿ."

ರವಿವಾರ ಯಾಕೆ ಬಾರದು? ಮಾನವ್ವನ ತಲೆಯಲ್ಲಿ ಈ ಮಾತು ಮುಳ್ಳಿನಂತೆ ಕುಳಿತಿತು. ರವಿವಾರ ಸಂಜೆ ವಾಡೆಯ ಜೀಪು ಮಡ್ಡಿಯ ಕಡೆ ಹೋಗುವುದನ್ನು ಅವಳು ದೂರದಿಂದ ನೋಡಿದ್ದಳು. ಜೀಪು ನಡೆಸುವ ಜಮಾಲಸಾಬ, ಪಕ್ಕದಲ್ಲಿ ಖಾಕಿ ಟೊಪ್ಪಿಗೆ. ಆಮೇಲೆ ಢಂ ಢಂ ಸದ್ದು. ಮರುದಿನ ಜಮಾಲಸಾಬ ಬಾವಿಯ ಹತ್ತಿರ ಸಿಕ್ಕಾಗ ಕೇಳಿಯೂ ಬಿಟ್ಟಳು.

"ಅದೇನ ಸಪ್ಪಳರೀ ಅಣ್ಣಾ ನಿನ್ನೆ?"

"ಪಟಾಕಿ ಇರಬೇಕು ತಂಗಿ," ಎಂದ ಅವನು, ಮುಖ ನೋಡದೆ. ಜೀಪಿನ ಹಿಂಬದಿಗೆ ಬಕೆಟ್ಟಿನಿಂದ ನೀರು ಹೊಡೆಯುತ್ತಿದ್ದ. ಕೆಳಗೆ ಇಳಿದು ಬರುತ್ತಿದ್ದ ನೀರು ಕೆಂಪಗಿತ್ತು.

ಹಾಗೆ ಒಂದು ಬೆಳಿಗ್ಗೆ ಬೋಳ್ಯಾ ಕೆಟ್ಟ. ಗಂಡ ಹೆಂಡತಿ ಅವನ ಮರೆಯಲ್ಲಿ ಹಿಂಡನ್ನು ಸುತ್ತುಹಾಕಿ ಹೊರಟಿದ್ದರು. ಮಡ್ಡಿಯ ಆಚೆ ತುದಿಯಲ್ಲಿ, ಕಾರೆ ಕಂಟಿಗಳ ಹತ್ತಿರ, ಎತ್ತು ಗಕ್ಕನೆ ನಿಂತು ನೆಲ ನೆಕ್ಕತೊಡಗಿತು. ಲಕ್ಷ್ಮಪ್ಪ ಹೆಗಲು ಚಿವುಟಿದ, ಬಾಲ ತಿರುವಿದ. ಬೋಳ್ಯಾ ಜಪ್ಪೆನ್ನಲಿಲ್ಲ. ಚಿಗರಿಗಳು ಮನುಷ್ಯರ ಕಾಲು ಕಂಡು ಹಾರಿಹೋದವು. ಲಕ್ಷ್ಮಪ್ಪ ಆ ಎತ್ತಿನ ಮೇಲೆ ಯಾವತ್ತೂ ಕೈ ಮಾಡಿದವನಲ್ಲ, ಅವತ್ತು ಬಾರಿಸಿಬಿಟ್ಟ.

"ಯಾರೋ ಮದ್ದ ಹಾಕ್ಯಾರ ನನ್ನ ಎತ್ತಿಗೆ!" ಎಂದು ಅಳುವಂತಾದ.

ಮಾನವ್ವ ಕೂತು ಎತ್ತು ನೆಕ್ಕಿದ ಮಣ್ಣನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಉಪ್ಪು. ಕಂಟಿಯ ಸಂದಿಯಲ್ಲಿ ತಗ್ಗು ತೋಡಿ, ಮಣ್ಣಿಗೆ ಕಲ್ಲುಪ್ಪು ಕಲಸಿ ತುಂಬಿದ್ದರು. ಸುತ್ತಲೂ ಚಿಗರಿಯ ಗೊರಸು, ಚಿಗರಿಯ ಹಿಕ್ಕೆ.

ಸಂತೆಯ ದಿನ ಕಳಕಪ್ಪ ಅವಳ ತಲೆಯ ಮೇಲೆ ಉಪ್ಪಿನ ಚೀಲ ಹೊರಿಸಿ, ಮಡ್ಡಿಯ ಬನ್ನಿ ಗಿಡದ ಬುಡಕ್ಕೆ ಹಾಕಿ ಹೋಗು ಎಂದಿದ್ದ. ದನಕ್ಕ ಬೇಕು, ಗೌಳ್ಯಾ ಬಂದು ಒಯ್ತಾನ ಎಂದಿದ್ದ. ದೇಸಾಯರ ದನ ಈ ಮಡ್ಡಿಯಲ್ಲಿ ಯಾವತ್ತು ಮೇಯ್ದಿವೆ? ಬೆವರು ಸುರಿಸುತ್ತ ಆ ಉಪ್ಪು ಹೊತ್ತು ತಂದವಳು ಅವಳೇ. ಮುಂಜಾನೆ ಓಡಿಸುವವರೂ ಇವರೇ, ಸಂಜೆಗೆ ಕರೆತರುವ ಉಪ್ಪು ಹೊತ್ತವರೂ ಇವರೇ. ಅವಳಿಗೆ ನಗು ಬಂತು, ಆ ನಗುವಿಗೆ ತಾನೇ ಹೆದರಿದಳು. ಆ ಮಣ್ಣಿನದೊಂದು ಹೆಂಟೆ ಎತ್ತಿ ಸೆರಗಿಗೆ ಕಟ್ಟಿಕೊಂಡಳು.

"ಯಾರ ಮುಂದೂ ಹೇಳಬ್ಯಾಡ," ಎಂದಳು ಗಂಡನಿಗೆ.

ಲಕ್ಷ್ಮಪ್ಪನದು ಭೋಳೇ ಸ್ವಭಾವ. ಉಪ್ಪು ಬೇರೆ ಯಾರೋ ವೈರಿಗಳು ಇಟ್ಟಿರಬೇಕು, ಧಣಿಗೆ ತಿಳಿಸಿದರೆ ಖುಷಿಯಾಗಿ ನೆಲೆಯನ್ನು ಲಗೂ ಕೊಟ್ಟಾರು ಎಂದು ಅವನ ಲೆಕ್ಕ. ಹೆಂಡತಿಯ ಕಣ್ಣು ತಪ್ಪಿಸಿ ಹೋಗಿ ಕಳಕಪ್ಪನ ಮುಂದೆ ಹೇಳಿಬಿಟ್ಟ. ಕಳಕಪ್ಪನ ಅರ್ಧ ಮುಚ್ಚಿದ ಕಣ್ಣು ಅವತ್ತು ಪೂರ್ತಿ ತೆರೆದವಂತೆ.

"ಇದನ್ನ ಮತ್ತ ಯಾರರ ನೋಡ್ಯಾರೇನು?"

"ಇಲ್ರಿ, ನಾ ಒಬ್ಬಾಂವನ," ಎಂದ ಲಕ್ಷ್ಮಪ್ಪ. ಹೆಂಗಸಿನ ಹೆಸರು ಯಾಕೆ ನಡುವೆ ಎಂದು ಹಾಗೆ ಹೇಳಿದ್ದ.

"ಶಾಣ್ಯಾ ಇದ್ದಿ. ಬಾಯಿ ಮುಚಗೊಂಡಿರು. ನಾ ಧಣ್ಯಾರಿಗೆ ಹೇಳತೀನಿ."

ಗಂಡ ಬಂದು ಇದನ್ನು ಹೇಳಿದಾಗ ಮಾನವ್ವ ತಲೆ ಚಚ್ಚಿಕೊಂಡಳು. "ಹಾವಿನ ಹುತ್ತಕ್ಕ ಹೋಗಿ ಹಾವ ಕಂಡೇನಂತ ಹೇಳಿ ಬಂದಿ! ಶಾಣ್ಯಾ ಅಂದ್ರ? ನಮ್ಮಂಥವರಿಗೆ ಅವ್ರು ಶಾಣ್ಯಾ ಅಂದ್ರ ಹೆದರಬೇಕಪಾ."

ಅದಾದ ಮೇಲಿನ ಸೋಮವಾರ ವಿಮಾನ ಬಂತು. ಹಿಂದಿನ ಸಂಜೆ ಜೀಪು ಮಡ್ಡಿಯ ತುಂಬ ಗಿರಗಿಟ್ಟಲೆ ತಿರುಗಿ ಹಿಂಡನ್ನು ಚದುರಿಸಿತ್ತು. ಬೆಳಿಗ್ಗೆ ಗಂಡ ಹೆಂಡತಿ ಕಂಡಷ್ಟನ್ನು ಗುಡ್ಡಕ್ಕೆ ಹೊಡೆದರು. ಕಾರೆ ಕಂಟಿಯ ಒಳಗೆ ಉಪ್ಪಿಗೆ ಅಂಟಿಕೊಂಡಿದ್ದವು ಕಾಣಲಿಲ್ಲ. ವಿಮಾನ ಗುಂಯ್ ಎಂದು ಇಳಿದು ನೆಲ ಮುಟ್ಟುವುದಕ್ಕೂ, ಆ ಸದ್ದಿಗೆ ಬೆದರಿ ಅವು ಕಂಟಿಯಿಂದ ಚಿಮ್ಮಿ ಅಡ್ಡ ಹಾಯುವುದಕ್ಕೂ ಸರಿಹೋಯಿತು. ಒಂದು ಕರಿಯ ಗಂಡು ಚಿಗರಿ ಗಾಲಿಗೆ ಸಿಕ್ಕಿತು. ವಿಮಾನ ಒಂದು ರೆಕ್ಕೆ ಊರಿ, ಗಿರ್ರನೆ ತಿರುಗಿ, ಮೂಗು ನೆಲಕ್ಕೆ ಹುಗಿದು ನಿಂತಿತು. ನಡೆಸುವವನ ಕಾಲು ಮುರಿಯಿತು, ಕಂಪನಿ ಸಾಹೇಬನ ಹಣೆ ಒಡೆಯಿತು. ಅವರನ್ನು ಎಳೆದು ಹೊರಗೆ ತಂದವನು ಲಕ್ಷ್ಮಪ್ಪ. ಸಾಹೇಬನ ರಕ್ತ ಅವನ ಅಂಗಿಗೆ ಹತ್ತಿತು.

ಸಂಜೆ ಹೊತ್ತಿಗೆ ಆ ರಕ್ತವೇ ಸಾಕ್ಷಿಯಾಯಿತು.

ಮರುದಿನ ಫೌಜದಾರ ಹಟ್ಟಿಗೆ ಬಂದ. ಜೊತೆಗೆ ಕಳಕಪ್ಪ, ಒಬ್ಬ ಪೋಲೀಸು. ಅಜ್ಜಪ್ಪ ಎದ್ದು, ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತ. ಬೇಲಿಯ ಕಾಲದ ರೂಢಿ, ಮೈಗೆ ಅಂಟಿದ್ದು.

"ಹಿರ್ಯಾ, ಗೊತ್ತಾತಿಲ್ಲೋ? ನಿಮ್ಮವ್ರು ಎತ್ತಿನ ಮರಿಗೆ ಚಿಗರಿ ಅಟಗೊಂಡ ಬಂದು ವಿಮಾನಕ್ಕ ಅಡ್ಡ ಬಿಟ್ಟಾರ. ಲೂಟಿ ಮಾಡಾಕ. ಮುಂಬಯಿ ಸಾಹೇಬ ಸುಮ್ನ ಬಿಡಂಗಿಲ್ಲ, ಅವಂಗೊಂದು ಹೆಸರ ಬೇಕು. ಒಬ್ಬನ ಕೊಡ್ರಿ."

"ಕಾಯಿದೆ ಹೋಗೇತಂತ ಹೇಳಿದ್ರಲ್ರಿ ಎಪ್ಪಾ," ಎಂದ ಅಜ್ಜಪ್ಪ ಮೆಲ್ಲಗೆ.

"ಕಾಯಿದೆ ಹೋಗೇತಿ, ಫೌಜದಾರ ಹೋಗ್ಯಾನೇನು?" ಫೌಜದಾರ ನಕ್ಕ. "ಉಪ್ಪ ತಿಂದಾಂವ ನೀರ ಕುಡೀಬೇಕು. ನಾ ವಾಡೇಕ ಊಟಕ್ಕ ಹೊಂಟೀನಿ. ಉಂಡ ಏಳೂದ್ರಾಗ ಕಳಸ್ರಿ."

ಕಳಕಪ್ಪ ಹಿಂದೆ ಉಳಿದ. ದನಿಯಲ್ಲಿ ಬೆಲ್ಲ. "ಅಜ್ಜಪ್ಪಾ, ಧಣ್ಯಾರ ಹೇಳ್ಯಾರ. ಒಬ್ಬಾಂವ ಒಪ್ಪಕೊಂಡ್ರ, ಗುಡ್ಡದ ಬುಡದ ಹೊಲ ನಾಳೆನ ನಿಮ್ಮ ಹಟ್ಟಿಗೆ. ಒಬ್ಬಾಂವ ಸ್ವಲ್ಪ ದಿನಾ ಒಳಗ, ಉಳದವ್ರು ಜಲ್ಮಪೂರ್ತಿ ನೆಲದ ಮ್ಯಾಲ. ಕೋಲ ಯಾರ ಬಾಗಲದಾಗ ಐತಿ ನಿಮಗ ಗೊತ್ತ ಐತಿ." ಹಾಗೆ ಹೇಳುತ್ತ ಲಕ್ಷ್ಮಪ್ಪನ ಜೋಪಡಿಯ ಕಡೆ ನೋಡಿ ಹೋದ.

ಹಟ್ಟಿ ಬೇವಿನ ಗಿಡದ ಕೆಳಗೆ ಕೂತಿತು. ಯಾರೂ ಮಾನವ್ವನ ಮುಖ ನೋಡಲಿಲ್ಲ. ಅವಳ ಬಾಗಿಲ ಮುಂದೆ ಕೋಲಿನ ಮೇಲೆ ಲಕ್ಷ್ಮಪ್ಪನ ಅಂಗಿ, ರಕ್ತದ ಕಲೆ ಪೂರ್ತಿ ಹೋಗದೆ, ಒಣಗುತ್ತಿತ್ತು. ಎಲ್ಲರ ಕಣ್ಣೂ ಅಲ್ಲಿ.

ಲಕ್ಷ್ಮಪ್ಪ ತಾನೇ ಎದ್ದ. "ನಾ ಹೊಕ್ಕೀನಿ ಯಜ್ಜಾ. ನಂದ ಪಾಳಿ. ಎಲ್ಲಾರಿಗೂ ನೆಲಿ ಆಕೈತಿ."

"ಕುಂದರು!" ಎಂದಳು ಮಾನವ್ವ. ಅವಳ ದನಿಗೆ ಅವನು ಕೂತೇಬಿಟ್ಟ. "ಯಜ್ಜಾ, ಒಂದ ಮಾತ ಕೇಳತೀನಿ. ನಿನ್ನ ಮಗ ದ್ಯಾಮಣ್ಣ ಕದ್ದಿದ್ನೇನು?"

ಹಟ್ಟಿ ಹುಟ್ಟಿದಂದಿನಿಂದ ಯಾರೂ ಕೇಳದ ಪ್ರಶ್ನೆ ಅದು. ಪಾಳಿಯ ಮೇಲೆ ಹೋದವನು ಕದ್ದನೋ ಇಲ್ಲವೋ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಕೇಳಿದರೆ ಕಳಿಸುವುದು ಕಷ್ಟ.

ಮಾತಾಡಿದವಳು ದ್ಯಾಮಪ್ಪನ ಹೆಂಡತಿ ಕಲ್ಲವ್ವ. ಗಂಡ ಹೋದ ಮೇಲೆ ಆಕೆ ಹತ್ತು ಜನ ಕೂತಲ್ಲಿ ಬಾಯಿ ಬಿಟ್ಟವಳಲ್ಲ. "ಆ ಕೊಪ್ಪರಗಿ ಕಳುವಾದ ದಿನಾ ಅವಂಗ ಮೈ ಸುಡತಿತ್ತು. ನಾ ತಲಿಮ್ಯಾಲ ಒದ್ದಿ ಅರಿವಿ ಹಾಕ್ಕೋತ ಕುಂತಿದ್ನಿ. ಎದ್ದು ನಿಲ್ಲಾಕ ಆಗತಿದ್ದಿಲ್ಲ ಅವಂಗ. ಇಬ್ಬರು ರಟ್ಟಿ ಹಿಡದು ಕಳಿಸಿ ಬಂದ್ರಿ."

ಆ ಇಬ್ಬರಲ್ಲಿ ಒಬ್ಬ ಅಜ್ಜಪ್ಪನೇ. ಮುದುಕ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ.

ಆಮೇಲೆ ಒಬ್ಬೊಬ್ಬರ ಬಾಯೂ ಬಿಚ್ಚಿತು. ಒಬ್ಬ ಕುರಿ ಕದ್ದೆನೆಂದು ಹೋಗಿದ್ದ, ಆ ದಿನ ಅವನು ಹೆಂಡತಿಯ ತವರಲ್ಲಿ ರೊಟ್ಟಿ ತಿನ್ನುತ್ತಿದ್ದ. ಒಬ್ಬ ಯಾವುದೋ ಗುಡಿಯ ಗಂಟೆಗೆ ಹೋಗಿ ಬಂದಿದ್ದ, ಆ ಗುಡಿ ಎಲ್ಲಿದೆಯೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬನಿಗೆ ತಾನು ಏನು ಕದ್ದೆನೆಂದು ಹೇಳಿದ್ದೇ ಮರೆತುಹೋಗಿತ್ತು. ಇದನ್ನು ಹೇಳುವಾಗ ಅವನು ನಕ್ಕ, ಯಾರೂ ನಗಲಿಲ್ಲ. ಅಷ್ಟು ವರ್ಷ ಪಕ್ಕಪಕ್ಕದ ಜೋಪಡಿಯಲ್ಲಿದ್ದು, ಪಕ್ಕದವನು ನಿಜವಾಗಿ ಕದ್ದಿರಬಹುದು ಎಂದು ಒಬ್ಬರ ಮೇಲೊಬ್ಬರು ಒಳಗೇ ಅನುಮಾನ ಇಟ್ಟುಕೊಂಡಿದ್ದರಲ್ಲ! ಊರವರ ಅನುಮಾನಕ್ಕಿಂತ ಅದು ದೊಡ್ಡದಾಗಿತ್ತು.

ಮಾನವ್ವ ಸೆರಗಿನ ಗಂಟು ಬಿಚ್ಚಿದಳು. "ಇದನ್ನ ನೆಕ್ಕಿ ನೋಡ್ರಿ."

ಮಣ್ಣಿನ ಹೆಂಟೆ ಕೈಯಿಂದ ಕೈಗೆ ಹೋಯಿತು. ಅವಳು ಚೀಲ ಹೊತ್ತದ್ದು, ತಗ್ಗು ಕಂಡದ್ದು, ಗಂಡ ಹೋಗಿ ಹೇಳಿದ್ದು, ಎಲ್ಲ ಹೇಳಿದಳು. "ಬ್ಯಾಟಿ ಆಡಾಕ ಚಿಗರಿ ಬೇಕು, ರೊಕ್ಕ ಎಣಸಾಕ ವಿಮಾನ ಬೇಕು. ಎರಡೂ ಒಂದ ಮಡ್ಡ್ಯಾಗ ಬೇಕು ಅವ್ರಿಗೆ. ಈಗ ಉಪ್ಪಿನ ಸಂಗ್ತಿ ಈತಂಗ ಗೊತ್ತಾತಂತ ಈತನ ಬೇಕಾಗ್ಯಾನ. ನಾಳೆ ಆ ಹೊಲಾನೂ ಕೊಡಂಗಿಲ್ಲ. ಕಳ್ಳರಿಗೆ ಹೊಲಾ ಯಾರ ಕೊಡತಾರ? ಒಪ್ಪಕೊಂಡ ಮ್ಯಾಲ ಕಳ್ಳರ ಆದಿವಲ್ಲ!"

ಆಗ ಅಜ್ಜಪ್ಪ ರುಮಾಲನ್ನು ಹೆಗಲಿನಿಂದ ತೆಗೆದು ತಲೆಗೆ ಸುತ್ತಿಕೊಂಡ. ನಿಧಾನವಾಗಿ, ಒಂದೊಂದೇ ಸುತ್ತು.

"ಕೋಲ ತಗೊ ಮಾನವ್ವ," ಎಂದ. "ಫೌಜದಾರ ಉಣ್ಣಾಕ ಕುಂತಿರತಾನ. ಪಾಳಿ ಮುಂದಿನ ಬಾಗಲಕ್ಕ ಹೋಗಬೇಕಲ್ಲ."

ಮಾನವ್ವ ಗಂಡನ ಅಂಗಿ ತೆಗೆದು ಅವನ ಕೈಗೆ ಕೊಟ್ಟಳು. ಕವಲಿನಿಂದ ಕೋಲು ಬಿಚ್ಚಿದಳು. ಅವಳು ಮುಂದೆ, ಹಿಂದೆ ಲಕ್ಷ್ಮಪ್ಪ, ಅಜ್ಜಪ್ಪ, ಕಲ್ಲವ್ವ, ಕಂಕುಳಲ್ಲಿ ಕೂಸುಗಳು, ಎಲ್ಲರ ಜೊತೆಗೆ ಹಗ್ಗವಿಲ್ಲದೆ ಬೋಳ್ಯಾ. ಈ ಜನ ಊರೊಳಗೆ ಹೀಗೆ ಹಗಲಲ್ಲಿ, ನಡು ಬೀದಿಯಲ್ಲಿ, ತಲೆ ಎತ್ತಿ ನಡೆದದ್ದನ್ನು ಊರು ಅವತ್ತೇ ನೋಡಿದ್ದು. ಕಿಟಕಿಗಳು ಮುಚ್ಚಿದವು, ಆಮೇಲೆ ಒಂದೊಂದೇ ತೆರೆದವು. ಕೆಲವರು ಹಿಂದೆಯೇ ಬಂದರು.

ವಾಡೆಯ ದೊಡ್ಡ ಬಾಗಿಲು ಮುಚ್ಚಿತ್ತು. ಹಿತ್ತಾಳೆಯ ಗುಬ್ಬಿ ಬಡಿದ ಎರಡು ಪಡಕಿನ ಬಾಗಿಲು, ಒಳಕ್ಕೆ ತೆರೆಯುವಂಥದು. ಬಾಗಿಲ ಹೊರಗೆ ಜೀಪು, ಅದಕ್ಕೆ ಒರಗಿ ಜಮಾಲಸಾಬ ಬೀಡಿ ಸೇದುತ್ತಿದ್ದ, ಪಕ್ಕದಲ್ಲಿ ಫೌಜದಾರನ ಪೋಲೀಸು ನಿಂತಿದ್ದ. ಮಾನವ್ವ ಮೆಟ್ಟಿಲು ಹತ್ತಿದಳು. ಹುಟ್ಟಿದಂದಿನಿಂದ ಇಂಥ ಮೆಟ್ಟಿಲುಗಳ ಕೆಳಗೇ ನಿಂತವಳು. ಕೋಲನ್ನು ಎರಡು ಪಡಕಿನ ನಡುವಿಗೆ ಆನಿಸಿದಳು. ಅದರ ಬುಡಕ್ಕೆ ಉಪ್ಪಿನ ಹೆಂಟೆ ಇಟ್ಟಳು.

"ಧಣ್ಯಾರ!" ಎಂದು ಕೂಗಿದಳು. "ನಮ್ಮ ಮನಿ ಪಾಳಿ ಮುಗೀತ್ರಿ. ಕೋಲ ನಿಮ್ಮ ಬಾಗಲಕ್ಕ ಬಂದೈತಿ. ಉಪ್ಪ ಹೊತ್ತಾಕಿ ನಾನು, ಹೊರಸಿದವ್ರು ಯಾರಂತ ಕಾರಭಾರೇರನ್ನ ಕೇಳ್ರಿ. ಫೌಜದಾರ ಸಾಹೇಬರೂ ಕೇಳ್ರಿ, ಉಪ್ಪ ತಿಂದದ್ದು ಚಿಗರಿ. ಆ ಚಿಗರಿ ತಿಂದವ್ರು ಯಾರು, ಅವ್ರ ನೀರ ಕುಡೀಲಿ!"

ಮಾಳಿಗೆಯ ಕಿಟಕಿಯಿಂದ ದೇಸಾಯರ ಮುಖ ಕಂಡಿತು. ಅವರ ಹಿಂದೆ ಎಂಜಲು ಕೈ ಹಿಡಿದುಕೊಂಡ ಫೌಜದಾರ.

"ಯಾರಲೇ ಅದು! ಆ ಕೋಲ ಕಿತ್ತ ಒಗೀರಿ!"

ಒಳಗೆ ಚಿಲಕ ತೆಗೆದ ಸದ್ದಾಯಿತು. ಪಡಕು ಅಷ್ಟೇ ಅಷ್ಟು ಸರಿದಿತ್ತು, ಕೋಲು ಒಳಕ್ಕೆ ವಾಲಿ ಹೊಸ್ತಿಲ ಮೇಲೆ ದಪ್ಪನೆ ಬಿತ್ತು. ಬಾಗಿಲು ತೆರೆದ ಕಳಕಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. ಹಟ್ಟಿಯ ಕಟ್ಟಳೆ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಎತ್ರಿ ಕಾರಭಾರೇರ," ಎಂದಳು ಮಾನವ್ವ. "ಮುಟ್ಟಿದವರದ ಪಾಳಿ."

ಕಳಕಪ್ಪ ಪೋಲೀಸಿನ ಮುಖ ನೋಡಿದ. ಪೋಲೀಸು ಮೇಲೆ ಕಿಟಕಿಯ ಕಡೆ ನೋಡಿದ. ದೇಸಾಯರು ಕೆಂಪೇರಿದ ಮುಖದಲ್ಲಿ ಜೀಪಿನ ಕಡೆ ತಿರುಗಿದರು.

"ಜಮಾಲ್ಯಾ! ನೀ ಎತ್ತಿ ಒಗಿಯೋ ಅದನ್ನ!"

ಜಮಾಲಸಾಬ ಬೀಡಿ ಕೆಳಗೆ ಹಾಕಿ ತುಳಿದ. ನೆರೆದ ಮಂದಿಯನ್ನು ಒಮ್ಮೆ ನೋಡಿದ. "ನನ್ನ ಕೈಲಿ ಆಗೂದಿಲ್ಲ್ರಿ ಧಣ್ಯಾರ. ನಾ ಜೀಪ್ ಓಡಿಸಿದಾಂವ ಖರೆ. ಗುಂಡ ಹಾರಿಸಿದವ್ರು ಮ್ಯಾಲ ನಿಮ್ಮ ಬಾಜೂಕ ನಿಂತಾರ, ಅವ್ರಿಗೆ ಹೇಳ್ರಿ."

ಬೀದಿಯ ಮಂದಿ ಎಲ್ಲ ಒಟ್ಟಿಗೆ ಮೇಲೆ ನೋಡಿದರು. ಫೌಜದಾರ ಕಿಟಕಿಯಿಂದ ಸರಿದ.

ಹಟ್ಟಿಯವರು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಂದ ದಾರಿಯಲ್ಲೇ, ನಡು ಬೀದಿಯಲ್ಲೇ ತಿರುಗಿ ಹೋದರು. ಕೋಲು ಹೊಸ್ತಿಲ ಮೇಲೆ ಬಿದ್ದಿತ್ತು. ದಾಟಿದರೂ ಎಲ್ಲಿ ತಗಲುತ್ತದೋ ಎಂದು ವಾಡೆಯ ಆಳುಗಳು ಆ ಬಾಗಿಲಿಂದ ಹೊರಗೆ ಬರಲಿಲ್ಲ. ಸಗಣಿ ಹೊರುವವರು ಓಡಾಡುವ ಹಿತ್ತಲ ಕಂಡಿಯಿಂದ ಫೌಜದಾರ ನುಸುಳಿ ಹೋದದ್ದನ್ನು ಕಂಡವರಿದ್ದರು.

"ನಾಳೆ ಮತ್ತ ಬರತಾನ ಅಂವಾ," ಎಂದ ಲಕ್ಷ್ಮಪ್ಪ ದಾರಿಯಲ್ಲಿ. ಕಲೆಯ ಅಂಗಿಯನ್ನೇ ತೊಟ್ಟುಕೊಂಡಿದ್ದ. "ಹತ್ತ ಮಂದಿನ ಕರಕೊಂಡ ಬರತಾನ."

"ಬರಲಿ," ಎಂದಳು ಮಾನವ್ವ. "ಒಬ್ಬನ ಕೊಡ್ರಿ ಅಂದ್ರ, ಕೋಲ ಎಲ್ಲೈತಿ ನೋಡಿ ಬರ್ರಿ ಅನ್ನೂನು."